ತಾಯಿ ಯಾವ ಮನೆಯವರು

ಸಿಟ್ಟು ಬಂದರೆ ಬೇರೆಯವರ ಅಕ್ಷರ ಕೆಡುತ್ತದೆ, ಜಯವರ್ಮರ ಅಕ್ಷರ ಮಾತ್ರ ಇನ್ನಷ್ಟು ದುಂಡಗಾಗುತ್ತಿತ್ತು. ಬಂಟ್ವಾಳ ಪೇಟೆಯ ಒಂದು ಸರಕಾರಿ ಕಚೇರಿಯಲ್ಲಿ ಅವರು ಹೆಡ್ ಗುಮಾಸ್ತರು. ಯಾವ ಕಚೇರಿ ಎಂದು ಕೇಳಬೇಡಿ; ಹೆಸರು ಹೇಳಿದರೆ ಇವತ್ತು ಅಲ್ಲಿ ಕುಳಿತಿರುವ ಪಾಪದವರು ಸುಮ್ಮನೆ ಮೈಮೇಲೆ ಎಳೆದುಕೊಂಡಾರು. ಇಪ್ಪತ್ತೊಂದು ವರ್ಷದ ನೌಕರಿಯಲ್ಲಿ ಜಯವರ್ಮರು ಯಾರೊಡನೆಯೂ ಗಟ್ಟಿ ಸ್ವರದಲ್ಲಿ ಮಾತಾಡಿದವರಲ್ಲ. ಬೈಸಿಕೊಂಡರೆ ತಲೆ ತಗ್ಗಿಸಿ ಬರೆಯುತ್ತಿದ್ದರು, ಅಷ್ಟೆ. ಹಾಗಾಗಿ ಅವರ ಕಡತಗಳೆಲ್ಲ ನೋಡಲು ಬಹಳ ಚೆಂದ.

೧೯೬೪ನೇ ಇಸವಿಯ ಮೇ ಹದಿನೈದು, ಶುಕ್ರವಾರ. ಬೆಳಿಗ್ಗೆ ಕಚೇರಿಯ ಬಾಗಿಲು ತೆರೆಯುವಷ್ಟರಲ್ಲಿ ಹೊಳೆಬದಿಯ ಬೀಯಮ್ಮ ಮೆಟ್ಟಿಲ ಮೇಲೆ ಕೂತಿದ್ದಳು. ಬೀಡಿ ಕಟ್ಟಿ ಬದುಕುವ ಒಂಟಿ ಹೆಂಗಸು. ಪೇಟೆಯಲ್ಲಿ ಅವಳ ಬಾಯಿಗೆ ಹೆದರದವರಿಲ್ಲ. ಪಕ್ಕದಲ್ಲಿ ಇಪ್ಪತ್ತೈದರ ಒಬ್ಬಳು, ಅವಳ ಮಡಿಲಲ್ಲಿ ನಾಲ್ಕು ವರ್ಷದ ಹೆಣ್ಣುಮಗು. ಹಿಂದೆ ನಿಂತಿದ್ದವನು ಮೂಸಾ, ಮಂಗಳೂರಿಗೂ ಬಂಟ್ವಾಳಕ್ಕೂ ಹೊಳೆಯಲ್ಲಿ ಸರಕಿನ ದೋಣಿ ನಡೆಸುವವನು.

"ಗುಮಾಸ್ತರೇ, ನನ್ನ ರೇಷನ್ ಕಾರ್ಡಿಗೆ ಎರಡು ಹೆಸರು ಸೇರಿಸ್ಲಿಕ್ಕುಂಟು," ಎಂದಳು ಬೀಯಮ್ಮ. "ಇವಳು ಖದೀಜ, ನನ್ನ ತಂಗಿಯ ಮಗಳು. ಇದು ಅವಳ ಮಗು. ನಿನ್ನೆ ಬಂದದ್ದು."

"ಎಲ್ಲಿಂದ?"

"ಜಾಂಜಿಬಾರಿನಿಂದ."

ಜಯವರ್ಮರು ಕನ್ನಡಕ ತೆಗೆದು ಒರೆಸಿಕೊಂಡರು. ಕದ್ದು ಬಂದವರು ಅಡಗಿ ಕೂರುತ್ತಾರೆ ಎಂದು ಲೋಕವೆಲ್ಲ ತಿಳಿದಿದೆ. ಈ ಬೀಯಮ್ಮ ಸಮುದ್ರ ದಾಟಿ ಬಂದವಳನ್ನು ಸೀದಾ ಸರಕಾರದ ಬಾಗಿಲಿಗೇ ಕರೆತಂದು, ಇವಳ ಪಾಲಿನ ಅಕ್ಕಿ ಕೊಡಿ ಎಂದು ಕೂತಿದ್ದಳು. ಮನೆಗೆ ಒಂದು ಜೀವ ಬಂದರೆ ಕಾರ್ಡಿನಲ್ಲಿ ಬರೆಸಬೇಕು, ಅವಳಿಗೆ ಗೊತ್ತಿದ್ದ ಕಾನೂನು ಅಷ್ಟೇ. ಮುಂದೆ ನಡೆದದ್ದನ್ನು ನೋಡಿದರೆ, ಆ ಕಚೇರಿಯಲ್ಲಿ ಕಾನೂನಿಗೆ ಬೆಲೆ ಕೊಟ್ಟವಳು ಅವಳೊಬ್ಬಳೇ ಎನ್ನಬೇಕು.

ಕಥೆ ಇಷ್ಟು. ಮಂಗಳೂರಿನ ಹಂಚು ತುಂಬಿದ ಹಾಯಿಹಡಗುಗಳು, ಇಲ್ಲಿಯವರು ಮಂಜಿ ಎನ್ನುತ್ತಾರೆ, ವರ್ಷವರ್ಷ ಆಫ್ರಿಕದ ಕರಾವಳಿಗೆ ಹೋಗುತ್ತಿದ್ದವು. ಬೀಯಮ್ಮನ ತಂದೆ ಅಂಥದ್ದೊಂದು ಮಂಜಿಯಲ್ಲಿ ಕಿರಿಯ ಮಗಳನ್ನೂ ಕರೆದುಕೊಂಡು ಹೋಗಿ ಜಾಂಜಿಬಾರಿನಲ್ಲಿ ಅಂಗಡಿ ಇಟ್ಟ. ಆ ಮಗಳು ಅಲ್ಲಿಯೇ ಒಬ್ಬ ಅರಬ ಲವಂಗದ ವ್ಯಾಪಾರಿಯನ್ನು ಮದುವೆಯಾದಳು, ಖದೀಜಳನ್ನು ಹೆತ್ತಳು, ಕೆಲವು ವರ್ಷದ ಮೇಲೆ ತೀರಿಕೊಂಡಳು. ಆ ವರ್ಷದ ಜನವರಿಯಲ್ಲಿ ಅಲ್ಲಿ ದಂಗೆ ಎದ್ದಾಗ ಖದೀಜಳ ಅಪ್ಪನನ್ನೂ ಗಂಡನನ್ನೂ ಒಂದೇ ದಿನ ಕೊಂದರು. ಮೂರು ತಿಂಗಳು ಅವರಿವರ ಮನೆಯ ಹಿತ್ತಿಲಲ್ಲಿ ಅಡಗಿದ್ದು, ಗಾಳಿ ತಿರುಗಿದ ಮೇಲೆ ಊರಿಗೆ ಮರಳುವ ಮಂಜಿಯೊಂದನ್ನು ಹತ್ತಿದಳು. ನಾವಿಕರನ್ನು ಬಿಟ್ಟು ಅದರಲ್ಲಿ ಹನ್ನೊಂದು ಮಂದಿ ಹಾಗೆ ಓಡಿ ಬಂದವರಿದ್ದರು. ಮಂಗಳೂರಿನಲ್ಲಿ ಹೊಳೆ ಸಮುದ್ರ ಸೇರುವ ಅಳಿವೆಯ ಬಾಯಿಗೆ ಬಂದಾಗ, ಕಾಗದವಿಲ್ಲದವರನ್ನು ಇಳಿಸುವಂತಿಲ್ಲ ಎಂದು ಮಂಜಿಯನ್ನು ಹೊರಗೇ ನಿಲ್ಲಿಸಿದರು.

"ನಾನು ಕುಡಿಯುವ ನೀರು ಕೊಡ್ಲಿಕ್ಕೆ ಹೋದದ್ದು," ಎಂದ ಮೂಸಾ. "ಮಗುವಿಗೆ ಸುಡುವ ಜ್ವರ. ಇವಳು ಬೀಯಮ್ಮನ ಹೆಸರು ಹೇಳಿದ್ಲು. ಎಂತ ಮಾಡುದು? ಬಿಟ್ಟು ಬರ್ಲಿಕ್ಕೆ ನನ್ನಿಂದ ಆಗ್ಲಿಲ್ಲ. ಎರಡು ದಿವಸ ಬಿದಿರಿನ ಜಲ್ಲೆ ಊರಿ ದೋಣಿಯನ್ನು ಹೊಳೆ ಹತ್ತಿಸಿದೆ."

ಹೊರದೇಶದಿಂದ ಬಂದವರ ಹೇಳಿಕೆ ಬರೆದುಕೊಳ್ಳಲು ಒಂದು ಅಚ್ಚಿನ ಕಾಗದ ಇತ್ತು. ಜಯವರ್ಮರು ಅದನ್ನು ಹುಡುಕಿ ತೆಗೆದು ಧೂಳು ಕೊಡವಿದರು. ಹೆಸರು, ವಯಸ್ಸು ಆಯಿತು. ಗೆರೆ ಎಳೆದ ಮೂರನೆಯ ಮನೆಯಲ್ಲಿ 'ಮೂಲ' ಎಂದಿತ್ತು. ಅವರು ಲೇಖನಿ ಎತ್ತದೆ ಕೇಳಿದರು, "ತಾಯಿ ಯಾವ ಮನೆಯವರು?"

ಇನ್ನಾವ ಊರಿನ ಗುಮಾಸ್ತನೂ ಹಾಗೆ ಕೇಳುತ್ತಿರಲಿಲ್ಲ, ತಂದೆ ಯಾರು ಎಂದು ಕೇಳುತ್ತಿದ್ದ. ಆದರೆ ಜಯವರ್ಮರು ಮೂಡುಬಿದಿರೆಯ ಜೈನರು, ಅಳಿಯಸಂತಾನದವರು. ಅವರಲ್ಲಿ ಮನೆತನ ನಡೆಯುವುದು ತಾಯಿಯಿಂದ. ಮಾವನ ಆಸ್ತಿ ಸೋದರಳಿಯನಿಗೆ, ಮಕ್ಕಳು ತಾಯಿಯ ಕುಟುಂಬಕ್ಕೆ. ಮನುಷ್ಯನ ಮೂಲ ಎಂದರೆ ತಾಯಿಯ ಮನೆ ಎಂಬುದು ಅವರಿಗೆ ಅನ್ನ ಉಣ್ಣುವಷ್ಟು ಸಹಜ. ಹಾಗಾಗಿ 'ಬಂಟ್ವಾಳ ಪೇಟೆ, ಹೊಳೆಬದಿ, ಬೀಯಮ್ಮನ ಮನೆ' ಎಂದು ದುಂಡಗೆ ಬರೆದುಬಿಟ್ಟರು.

ಹೇಳಿಕೆ ಮುಗಿದ ಮೇಲೂ ಖದೀಜ ಏಳಲಿಲ್ಲ. ಅವಳ ಬ್ಯಾರಿ ಮಾತು ಹಳೆಯ ಕಾಲದ್ದು, ಅಜ್ಜಿಯರು ಆಡುವ ಹಾಗೆ. ಮೂಸಾ ಅದನ್ನು ತುಳುವಿಗೆ ತಿರುಗಿಸಿ ಹೇಳಿದ.

"ಮಂಜಿಯಲ್ಲಿ ಇನ್ನೂ ಒಂಬತ್ತು ಮಂದಿ ಉಂಟಂತೆ. ಅವರ ಹೆಸರು ಹೇಳ್ತಾಳಂತೆ, ಬರ್ಕೊಳ್ಬೇಕಂತೆ. ಮಂಜಿಯ ತಳ ಒಡೆದು ನೀರು ಬರ್ತಾ ಉಂಟು, ಹೊತ್ತುಹೊತ್ತಿಗೆ ಎತ್ತಿ ಚೆಲ್ಲುದಂತೆ."

"ಅವರು ನಮ್ಮ ಗಡಿಯೊಳಗೆ ಬರ್ಲಿಲ್ಲವಲ್ಲ," ಎಂದರು ಜಯವರ್ಮರು. ಗಟ್ಟಿಯಾಗಿ ಅಲ್ಲ, ಮೆತ್ತಗೇ ಹೇಳಿದರು. "ಬಂದವರದ್ದು ಮಾತ್ರ ಬರೆಯುವ ಕ್ರಮ. ಅದು ಮಂಗಳೂರಿನವರು ನೋಡ್ಬೇಕಾದ್ದು."

ಖದೀಜ ಮಗುವನ್ನು ಎತ್ತಿಕೊಂಡು ಎದ್ದಳು.

ಕಚೇರಿಯ ಸಾಹೇಬರು ರವಿರಾಜ ಬಲ್ಲಾಳರು. ಅವರೂ ಜೈನರೇ, ಅವರೂ ಅಳಿಯಸಂತಾನದವರೇ. ಬೆಳ್ತಂಗಡಿ ಕಡೆ ಗುರುವಾಯನಕೆರೆಯ ಹತ್ತಿರ ಎರಡು ಅಂಗಳದ ಮನೆ ಅವರದು. ಅದು ಬಂದದ್ದು ತಾಯಿಯ ಅಣ್ಣನಿಂದ. ಸ್ವಂತ ಅಪ್ಪನ ಮನೆಗೆ ಹೋದರೆ ಅವರು ನೆಂಟರು, ಕೂರಲು ಮಣೆ ಕೊಡುತ್ತಾರೆ, ಅಷ್ಟೇ. ಬಲ್ಲಾಳರಿಗೆ ಎರಡು ಅಭ್ಯಾಸ. ಸಿಕ್ಕಿಬೀಳುವಂಥ ಯಾವ ಕಾಗದಕ್ಕೂ ಸಹಿ ಹಾಕುವುದಿಲ್ಲ. ಕೆಳಗಿನವರ ತಪ್ಪು ಕಂಡರೆ ಕೆಂಪು ಶಾಯಿಯಲ್ಲಿ ತಿದ್ದದೆ ಬಿಡುವುದಿಲ್ಲ.

ಹೇಳಿಕೆ ಓದುತ್ತ ಹೋದವರು ಮೂರನೆಯ ಮನೆಗೆ ಬಂದಾಗ ಕೆಂಪಗಾದರು.

"ಇದೆಂತ ಬರ್ದದ್ದು ಜಯವರ್ಮರೇ? ಮೂಲ ಬಂಟ್ವಾಳವಾ? ಅಪ್ಪ ಯಾರು ಅಂತ ಕೇಳ್ಲಿಕ್ಕೆ ಬರುದಿಲ್ವಾ ನಿಮಗೆ?"

"ಅಪ್ಪ ಅರಬರು ಸರ್. ತಾಯಿ ಇಲ್ಲಿ ಹುಟ್ಟಿದವರು."

"ತಾಯಿ ಕಟ್ಕೊಂಡು ಎಂತ ಮಾಡ್ಲಿಕ್ಕುಂಟು? ಮೂಲ ಅಂದ್ರೆ ಅಪ್ಪ!" ಎನ್ನುತ್ತ ಅವರು ಆ ಸಾಲನ್ನು ಕೆಂಪು ಶಾಯಿಯಲ್ಲಿ ಎರಡು ಸಲ ಗೀಚಿ ಹೊಡೆದರು. ಬದಿಯಲ್ಲಿ 'ತಂದೆ ಅರಬ. ವಾಪಸು ಮಂಜಿಗೆ ಹತ್ತಿಸುವುದು' ಎಂದು ಬರೆದರು. ಕೈಯ ಅಭ್ಯಾಸಕ್ಕೆ ಕೆಳಗೆ 'ರ.ಬ.' ಎಂದೂ ಬಿತ್ತು. ಬಿದ್ದ ಮೇಲೆ ತಾನೇ ನೋಡಿ ನಾಲಗೆ ಕಚ್ಚಿಕೊಂಡರು.

"ಇದನ್ನು ಹರಿದು ಹಾಕಿ," ಎಂದರು. "ಆವಕ ಪುಸ್ತಕದಲ್ಲಿ ನಂಬರು ಕೊಡ್ಬೇಡಿ. ಸೋಮವಾರ ಬೆಳಿಗ್ಗೆ ಜೀಪು ಬರ್ತದೆ, ಇಬ್ಬರನ್ನೂ ಮಂಗಳೂರಿಗೆ ಕೊಂಡೋಗ್ತಾರೆ. ಮಧ್ಯಾಹ್ನ ಮಂಜಿಯನ್ನು ಹೊರಗೆ ಎಳೆದು ಬಿಡ್ತಾರಂತೆ. ಇವಳು ಇಲ್ಲಿಗೆ ಬಂದೇ ಇಲ್ಲ. ತಿಳೀತಾ?"

ತಿಳಿಯದೆ ಏನು? ಕಚೇರಿಗೆ ಬಂದ ಕಾಗದಕ್ಕೆ ಆವಕ ಪುಸ್ತಕದಲ್ಲಿ ನಂಬರು ಬಿದ್ದರೆ ಅದಕ್ಕೆ ಜೀವ ಬಂದ ಹಾಗೆ. ಮೇಲಿನವರ ಸಹಿ ಇಲ್ಲದೆ ಅದನ್ನು ಯಾರೂ ಸಾಯಿಸುವಂತಿಲ್ಲ. ನಂಬರು ಬೀಳದ ಕಾಗದ ಬರೀ ಕಸ. ನಂಬರು ಬೀಳದ ಹೆಂಗಸೂ ಹಾಗೆಯೇ. ಮುಂಗಾರು ಇನ್ನು ಹತ್ತು ಹದಿನೈದು ದಿನದ ಮಾತು. ತಳ ಒಡೆದ ಮಂಜಿಯನ್ನು ಆ ಸಮುದ್ರಕ್ಕೆ ದೂಡುವುದು ಎಂದರೆ ಏನೆಂದು ಮಂಗಳೂರು ಸೀಮೆಯ ಮಕ್ಕಳಿಗೂ ಗೊತ್ತು. ಬಲ್ಲಾಳರಿಗೂ ಗೊತ್ತಿತ್ತು.

"ಆಯ್ತು ಸರ್," ಎಂದರು ಜಯವರ್ಮರು.

ಈ 'ಆಯ್ತು ಸರ್' ಎಂಬ ಎರಡು ಮಾತಿನಿಂದ ಲೋಕದಲ್ಲಿ ಆದಷ್ಟು ಅನ್ಯಾಯ ಕತ್ತಿಯಿಂದಲೂ ಆಗಿರಲಿಕ್ಕಿಲ್ಲ. ಅವರು ಕಾಗದವನ್ನು ಹರಿಯಲಿಲ್ಲ, ನಂಬರನ್ನೂ ಕೊಡಲಿಲ್ಲ. ಮೇಜಿನ ಸೆಳೆಖಾನೆಗೆ ಹಾಕಿ ಬೀಗ ತಿರುಗಿಸಿದರು. ಬೀಯಮ್ಮನ ಮನೆಯ ಜಗಲಿಯಲ್ಲಿ ಕಾವಲಿಗೆ ಒಬ್ಬ ಪೋಲೀಸು ಬಂದು ಕೂತ. ಅವನಿಗೂ ಬೀಯಮ್ಮನೇ ಚಾ ಕೊಟ್ಟಳು, ಬೈದುಕೊಂಡೇ ಕೊಟ್ಟಳು.

ಶನಿವಾರ ಅರ್ಧ ದಿನದ ಕಚೇರಿ. ಜಯವರ್ಮರು ಬಸ್ಸು ಹಿಡಿದು ಮೂಡುಬಿದಿರೆಗೆ ಹೋದರು. ಅಲ್ಲಿಯ ಮನೆ ಅವರ ತಂಗಿ ಪದ್ಮಾಕ್ಷಿಯದು, ಅಂದರೆ ತಾಯಿಯ ಮನೆ. ಹೊತ್ತು ಮುಳುಗುವ ಮೊದಲು ಉಣ್ಣುವ ಕ್ರಮವಾದ್ದರಿಂದ ಅವರು ಕೈಕಾಲು ತೊಳೆದು ಬರುವಷ್ಟರಲ್ಲಿ ಬಾಳೆಲೆ ಹಾಕಿತ್ತು. ಉಣ್ಣುತ್ತ ಎಲ್ಲವನ್ನೂ ಹೇಳಿದರು. ಒಳ್ಳೆಯ ಗುಮಾಸ್ತನಂತೆ ಯಾವುದನ್ನೂ ಬಿಡದೆ ಹೇಳಿದರು, ಕೆಂಪು ಶಾಯಿಯ ಮಾತನ್ನೂ.

ಪದ್ಮಾಕ್ಷಿ ಸಾರಿನ ಸೌಟನ್ನು ಪಾತ್ರೆಗೆ ಹಾಕಿ ನಿಂತಳು.

"ಬಲ್ಲಾಳರು ಹಾಗೆ ಹೇಳಿದ್ರಾ? ತಾಯಿ ಕಟ್ಕೊಂಡು ಎಂತ ಮಾಡುದು ಅಂತ?"

"ಹೂಂ."

"ಹಾಗಾದ್ರೆ ನನ್ನ ಮಕ್ಕಳು ಎಲ್ಲಿಯವರು ಅಣ್ಣ? ನೀನು ಯಾರ ಮನೆಯಲ್ಲಿ ಉಣ್ತಾ ಇದ್ದಿ?"

ಜಯವರ್ಮರು ಅನ್ನ ಕಲಸುತ್ತಿದ್ದ ಕೈ ನಿಲ್ಲಿಸಿದರು.

"ಪ್ರತಿ ವರ್ಷ ಬಸದಿಯಲ್ಲಿ ಕೂತು ಕೇಳ್ತಿ, ನಾಲ್ಕು ದಾನ ಉಂಟು ಅಂತ. ಅನ್ನ, ಮದ್ದು, ವಿದ್ಯೆ, ಅಭಯ. ಮೊದಲಿನ ಮೂರು ಕೊಡ್ಲಿಕ್ಕೆ ಕೈಯಲ್ಲಿ ಏನಾದ್ರೂ ಬೇಕು. ಹೆದರಿದವರಿಗೆ ಹೆದರ್ಬೇಡ ಅನ್ಲಿಕ್ಕೆ ಎಂತ ಬೇಕು? ಬಾಯಿ ಸಾಕು. ನೀನು ಆ ಬಾಯಿಯಲ್ಲಿ 'ಆಯ್ತು ಸರ್' ಅಂದು ಬಂದಿ. ಅದೂ ನಮ್ಮ ಜಾತಿಯವರೇ ಇಬ್ಬರು ಸೇರಿ. ಇರುವೆ ಸಾಯ್ತದೆ ಅಂತ ಕತ್ತಲೆಯಾದ್ರೆ ಉಣ್ಣದವರು!"

ಜಯವರ್ಮರಿಗೆ ಸಿಟ್ಟು ಬಂತು. ತಂಗಿಯ ಮೇಲಲ್ಲ. ಬಲ್ಲಾಳರ ಮೇಲೆ ಬಂತು, ಅಚ್ಚಿನ ಕಾಗದದ ಮೇಲೆ ಬಂತು, ಇಪ್ಪತ್ತೊಂದು ವರ್ಷದ ತನ್ನ ದುಂಡಕ್ಷರದ ಮೇಲೆ ಬಂತು. ಎಲೆಯಲ್ಲಿ ಅರ್ಧ ಬಿಟ್ಟು ಎದ್ದರು. ಭಾನುವಾರ ಇಡೀ ದಿನ ಊರಿನ ಒಬ್ಬ ಹಳೆಯ ವಕೀಲರ ಜಗಲಿಯಲ್ಲಿ ಕೂತು ಅವರ ಕಾನೂನು ಪುಸ್ತಕಗಳನ್ನು ಓದಿದರು, ಬೇಕಾದ ಸಾಲುಗಳನ್ನು ಬರೆದುಕೊಂಡರು.

ಸೋಮವಾರ ಮೊದಲ ಬಸ್ಸಿಗೇ ಬಂಟ್ವಾಳದಲ್ಲಿ ಇಳಿದರು. ಜವಾನ ಕಸ ಗುಡಿಸುತ್ತಿರುವಾಗಲೇ ಸೆಳೆಖಾನೆ ತೆರೆದು, ಆವಕ ಪುಸ್ತಕದಲ್ಲಿ ಬರೆದರು: ನಂಬರು ೪೧೨, ಖದೀಜ ಮತ್ತು ಮಗು, ಹೇಳಿಕೆ. ಕಾಗದದ ತಲೆಗೆ ಮುದ್ರೆ ಒತ್ತಿದರು. ಕೆಂಪು ಶಾಯಿಯ ಸಾಲನ್ನೂ ಬಿಡದೆ ಒಂದು ನಕಲು ಬರೆದು, ಮಂಗಳೂರಿನ ಮೇಲಿನ ಕಚೇರಿಗೆ ಹೋಗುವ ಟಪಾಲು ಚೀಲದಲ್ಲಿ ಹಾಕಿ, ಎಂಟೂವರೆಯ ಬಸ್ಸಿಗೆ ತಾವೇ ಕೊಟ್ಟು ಬಂದರು. ಆ ನಕಲಿನ ಅಕ್ಷರಗಳು ಎಷ್ಟು ದುಂಡಗಿದ್ದುವೆಂದರೆ ಶಾಲೆಯಲ್ಲಿ ಮಕ್ಕಳಿಗೆ ತೋರಿಸಬಹುದಿತ್ತು.

ಹತ್ತು ಗಂಟೆಗೆ ಜೀಪು ಬಂದು ನಿಂತಿತು. ಬಲ್ಲಾಳರು ಬಂದರು. ಆವಕ ಪುಸ್ತಕ ನೋಡಿದರು.

"ಇದೆಂತದು?" ಅವರ ಕೂಗಿಗೆ ಹೊರಗಿನ ಜವಾನನೂ ಬಾಗಿಲಿಗೆ ಬಂದ. "ಹೊಡೆದು ಹಾಕಿ ಇದನ್ನು!"

"ನಂಬರು ಬಿದ್ದದ್ದನ್ನು ಹೊಡೀಬೇಕಾದ್ರೆ ನಿಮ್ಮ ಸಹಿ ಬೇಕು ಸರ್," ಎಂದರು ಜಯವರ್ಮರು. ಪುಸ್ತಕ ತಿರುಗಿಸಿ ಲೇಖನಿ ಮುಂದಿಟ್ಟರು. "ಇಲ್ಲಿ ಹಾಕಿ."

ಬಲ್ಲಾಳರು ಲೇಖನಿ ಮುಟ್ಟಲಿಲ್ಲ.

"ಕಾನೂನು ಕಲಿಸ್ಲಿಕ್ಕೆ ಹೊರಟ್ರಾ ನನಗೆ?"

"ಕಲಿಸ್ತೇನೆ!" ಎಂದರು ಜಯವರ್ಮರು. ಆ ಕಚೇರಿಯ ಮಾಡಿನ ಕೆಳಗೆ ಅವರ ಸ್ವರ ಅಷ್ಟು ಎತ್ತರಕ್ಕೆ ಹೋದದ್ದು ಅದೇ ಮೊದಲು. "ಈ ನೆಲಕ್ಕೆ ಕಾಲಿಟ್ಟವಳನ್ನು ಹೊರಗೆ ಹಾಕ್ಬೇಕಾದ್ರೆ ಬರಹದಲ್ಲಿ ಹುಕುಂ ಬೇಕು. ಹುಕುಂ ಅವಳ ಕೈಗೆ ಕೊಡ್ಬೇಕು. ಅಂಥ ಹುಕುಂ ಕೊಡುವ ಅಧಿಕಾರ ನಿಮಗಿಲ್ಲ, ನನಗಿಲ್ಲ. ಜೀವ ತೆಗೀಬೇಕಾದ್ರೂ ಕಾನೂನಿನ ಕ್ರಮ ಉಂಟು ಅಂತ ಸಂವಿಧಾನದಲ್ಲಿ ಬರ್ದದ್ದು ನಮ್ಮ ದೇಶದವರಿಗೆ ಮಾತ್ರ ಅಲ್ಲ, ಎಲ್ಲ ಮನುಷ್ಯರಿಗೂ. ಇನ್ನು ಮೂಲ. ತಂದೆ ತಾಯಿಗಳಲ್ಲಿ ಒಬ್ಬರು ಇಲ್ಲಿ ಹುಟ್ಟಿದ್ರೆ ಸಾಕು, ಆರು ತಿಂಗಳು ಇಲ್ಲಿ ನಿಂತು ಪೌರತ್ವಕ್ಕೆ ಅರ್ಜಿ ಹಾಕಬಹುದು. ಒಬ್ಬರು! ತಾಯಿಯೂ ಆಗ್ತದೆ! ನೀವು ಕೆಂಪು ಶಾಯಿಯಲ್ಲಿ ಹೊಡೆದದ್ದು ಆ ತಾಯಿಯನ್ನು."

"ಆರು ತಿಂಗಳು ಇಟ್ಕೊಳ್ಳುದು ಯಾರು? ನಿಮ್ಮ ಮನೆಯಲ್ಲಿ ಇಟ್ಕೊಳ್ತೀರಾ?"

"ನನಗೆ ಮನೆ ಇಲ್ಲ ಸರ್. ನಾನಿರುದು ತಾಯಿಯ ಮನೆಯಲ್ಲಿ. ನಿಮ್ಮದು ಯಾವುದು? ಗುರುವಾಯನಕೆರೆಯದ್ದು ನಿಮ್ಮ ಅಪ್ಪನದ್ದಾ? ಮೂಲ ಅಂದ್ರೆ ಅಪ್ಪ ಅಂತಾದ್ರೆ ಇವತ್ತೇ ಬೀಗದ ಕೈ ಕೊಟ್ಟು ಹೊರಗೆ ಬನ್ನಿ!"

ಜವಾನ ಬಾಗಿಲಿನಿಂದ ಮಾಯವಾದ. ಬಲ್ಲಾಳರು ಕುರ್ಚಿಯಲ್ಲಿ ಕುಸಿದು, ಸಣ್ಣ ಸ್ವರದಲ್ಲಿ, "ಆ ಕಾಗದ ಕೊಡಿ ಇಲ್ಲಿ," ಎಂದರು.

"ತಗೊಳ್ಳಿ. ನಕಲು ಮಂಗಳೂರಿಗೆ ಹೋಗಿ ಆಯ್ತು. ಅದರಲ್ಲಿ ರ.ಬ. ಅಂತ ಉಂಟು."

ಜೀಪು ಖಾಲಿಯಾಗಿ ಹಿಂದೆ ಹೋಯಿತು. ಮಧ್ಯಾಹ್ನದ ಹೊತ್ತಿಗೆ ಮಂಗಳೂರಿನಿಂದ ಫೋನು ಬಂತು: ಆ ಇಬ್ಬರು ಸದ್ಯಕ್ಕೆ ಬೀಯಮ್ಮನ ಮನೆಯಲ್ಲಿರಲಿ, ವಾರಕ್ಕೊಮ್ಮೆ ಕಚೇರಿಗೆ ಬಂದು ಮುಖ ತೋರಿಸಲಿ. ಜಗಲಿಯ ಪೋಲೀಸು ಎದ್ದು ಹೋದ. ಬೀಯಮ್ಮ ಕಚೇರಿಗೆ ಓಡಿ ಬಂದು ಜಯವರ್ಮರ ಮೇಜಿನ ಮೇಲೆ ಎರಡು ಕೈ ಊರಿ ಅತ್ತಳು. ಅವಳ ಬಾಯಿ ಕಟ್ಟಿದ್ದನ್ನು ಪೇಟೆ ಕಂಡದ್ದು ಆ ದಿನ ಮಾತ್ರ. ಸಂಜೆ ಜಯವರ್ಮರು ಹೊಳೆಯ ಬದಿಯಲ್ಲಿ ನಡೆಯುವಾಗ, ಇಷ್ಟು ವರ್ಷ ಸರಕಾರದ ಅನ್ನ ಉಂಡದ್ದಕ್ಕೆ ಇದೊಂದು ಕೆಲಸವಾಯಿತು ಎಂದುಕೊಂಡರು.

ಮಂಗಳವಾರ ಬೆಳಿಗ್ಗೆ ಮೂಸಾ ಬಂದ. ಶನಿವಾರ ಸರಕು ಇಳಿಸಲು ಮಂಗಳೂರಿಗೆ ಹೋದವನು ದೋಣಿಯನ್ನು ಅಲ್ಲೇ ಬಿಟ್ಟು ಬಸ್ಸಿನಲ್ಲಿ ಬಂದಿದ್ದ. ಕೂರಿ ಎಂದರೂ ಕೂರಲಿಲ್ಲ.

"ಮಂಜಿಯನ್ನು ಎಳೆದು ಬಿಟ್ರು ಗುಮಾಸ್ತರೇ. ನಿನ್ನೆ ಮಧ್ಯಾಹ್ನ. ಕಾಗದ ಇದ್ದ ನಾವಿಕರನ್ನು ಇಳಿಸಿ, ಒಂದು ಲಾಂಚಿಗೆ ಹಗ್ಗ ಕಟ್ಟಿ ಎಳ್ಕೊಂಡು ಹೋಗಿ, ದೂರದಲ್ಲಿ ಹಗ್ಗ ಕಡಿದು ಬಂದ್ರು. ಹೆಂಗಸರು ಕೂಗುದು ದಡಕ್ಕೆ ಕೇಳ್ತಿತ್ತು."

ಜಯವರ್ಮರು ಎದ್ದು ನಿಂತರು. "ಯಾಕೆ ಅಂತ ಯಾರೂ ಕೇಳ್ಲಿಲ್ವಾ?"

"ಕೇಳಿದ್ರು. ಲಾಂಚಿನಲ್ಲಿ ಒಬ್ಬ ಆಫೀಸರ್ ಇದ್ದ, ಒಳ್ಳೆಯವನೇ. ಅವ ಹೇಳಿದ, ಬಂಟ್ವಾಳದಿಂದ ಕಾಗದ ಬಂದದ್ದುಂಟು, ಆ ಇಬ್ಬರನ್ನು ಮುಟ್ಟುವ ಹಾಗಿಲ್ಲ ಅಂತ. ಉಳಿದವರದ್ದು ಉಂಟಾ ನೋಡಿ ಅಂತ ಎರಡು ಸಲ ಹುಡುಕಿಸಿದ. ಒಂಬತ್ತು ಮಂದಿಯದ್ದು ಎಲ್ಲಿಯೂ ಒಂದು ಅಕ್ಷರ ಇರ್ಲಿಲ್ಲ." ಮೂಸಾ ತಲೆಯ ಮುಂಡಾಸು ಬಿಚ್ಚಿ ಮುಖ ಒರೆಸಿಕೊಂಡ. "ಕಾಗದ ಇಲ್ಲ ಅಂದ ಮೇಲೆ ಎಳೀರಿ ಅಂತ ಹೇಳಿದ."

ಅವರು ನಮ್ಮ ಗಡಿಯೊಳಗೆ ಬರ್ಲಿಲ್ಲವಲ್ಲ. ಜಯವರ್ಮರಿಗೆ ತನ್ನದೇ ಮೆತ್ತಗಿನ ಸ್ವರ ಕೇಳಿಸಿತು. ಅದನ್ನು ಯಾರೂ ಅವರಿಂದ ಬಲವಂತವಾಗಿ ಹೇಳಿಸಿರಲಿಲ್ಲ. ಬಲ್ಲಾಳರು ಆಗ ಕಚೇರಿಗೆ ಬಂದೂ ಇರಲಿಲ್ಲ. ಖದೀಜ ಎದುರಿಗೆ ಕೂತು ಹೆಸರು ಹೇಳುತ್ತೇನೆ ಎಂದಾಗ, ಕೈಯಲ್ಲಿ ಲೇಖನಿ ಇತ್ತು, ಮೇಜಿನ ಮೇಲೆ ಕಾಗದ ಇತ್ತು, ಶಾಯಿ ಇತ್ತು. ಒಂಬತ್ತು ಸಾಲು. ಕಾಲು ಗಂಟೆಯ ಕೆಲಸ. ನಿನ್ನೆ ಬಲ್ಲಾಳರ ಮೇಲೆ ಕಿರುಚಿದ ಮಾತುಗಳೆಲ್ಲ ಈಗ ತಿರುಗಿ ಅವರ ಮುಖಕ್ಕೇ ಬಡಿದವು. ಬಡಿಯಲಿ. ಬಡಿಯಬೇಕಾದದ್ದೇ.

ಗುರುವಾರ ಸಮುದ್ರ ಕೆಟ್ಟಿತು. ಆ ವರ್ಷದ ಮೊದಲ ಬಿರುಗಾಳಿಗೆ ಬಂಟ್ವಾಳದಲ್ಲೇ ಹಂಚು ಹಾರಿದವು. ಮಂಜಿ ಯಾವ ಬಂದರಿಗೂ ಹೋಗಿ ಸೇರಿದ ಸುದ್ದಿ ಬರಲಿಲ್ಲ, ಮುಂದೆಂದೂ ಬರಲಿಲ್ಲ.

ಶುಕ್ರವಾರ ಖದೀಜ ಮುಖ ತೋರಿಸಲು ಬಂದಳು, ಮೂಸಾ ಜೊತೆಗಿದ್ದ. ಮಗುವಿನ ಜ್ವರ ಬಿಟ್ಟಿತ್ತು. ಜಯವರ್ಮರು ಅವಳಿಗೆ ಕುರ್ಚಿ ಎಳೆದುಕೊಟ್ಟು, ಒಂಬತ್ತು ಅಚ್ಚಿನ ಕಾಗದಗಳನ್ನು ಮುಂದೆ ಜೋಡಿಸಿಕೊಂಡರು.

"ಹೆಸರು ಹೇಳು ಮಗಳೇ," ಎಂದರು.

ಅವಳು ಅವರ ಮುಖ ನೋಡಿದಳು. ಅವಳ ಕಣ್ಣಿನಲ್ಲಿ ಇದ್ದದ್ದು ಸಿಟ್ಟು, ಸಂಶಯವೇ ಬೇಡ. ಹಕ್ಕಿನ ಸಿಟ್ಟು. ಮತ್ತೆ ಒಂದೊಂದಾಗಿ ಹೇಳತೊಡಗಿದಳು. ಬಲ್ಲಾಳರು ಒಳಗಿನಿಂದ ಬಂದು, "ಇದೆಲ್ಲ ಇನ್ನು ಯಾಕೆ ಜಯವರ್ಮರೇ?" ಎಂದು ಕೇಳಿ, ಕಾಗದಗಳನ್ನು ನೋಡಿ ಹಿಂದೆ ಹೋದರು.

ಜಯವರ್ಮರು ಆವಕ ಪುಸ್ತಕದಲ್ಲಿ ಒಂಬತ್ತು ನಂಬರು ಹಾಕಿದರು. ಇಪ್ಪತ್ತೊಂದು ವರ್ಷದಲ್ಲಿ ಮೊದಲ ಸಲ ಅಕ್ಷರ ಸೊಟ್ಟಗಾಯಿತು. ಪ್ರತಿ ಕಾಗದದ ಮೂರನೆಯ ಮನೆಗೆ ಬಂದಾಗ ಲೇಖನಿ ನಿಲ್ಲಿಸಿ ಕೇಳಿದರು, "ತಾಯಿ ಯಾವ ಮನೆಯವರು?" ಖದೀಜಳಿಗೆ ಕೆಲವರದ್ದು ಗೊತ್ತಿತ್ತು. ಗೊತ್ತಿಲ್ಲದ ಕಡೆ ಅವರು ಜಾಗ ಖಾಲಿ ಬಿಟ್ಟರು.